ಲಾಭ, ಎರಡು, ಮೂರು

ನಮ್ಮ ಮನೆಯಲ್ಲಿ ರಾಗಿ ರಾಶಿಯನ್ನು ಒಂದರಿಂದ ಎಣಿಸುವುದಿಲ್ಲ. ಮೊದಲ ಕೊಳಗ ತುಂಬಿ ಸುರಿಯುವಾಗ ಅಪ್ಪ "ಲಾಭ" ಅನ್ನುತ್ತಾನೆ, ಆಮೇಲೆ ಎರಡು, ಮೂರು. ಒಂದು ಅಂದರೆ ರಾಶಿ ಒಂಟಿಯಾಗುತ್ತದಂತೆ. ಅಳೆಯುವುದರಲ್ಲಿ ಅಪ್ಪ ತೊಣ್ಣೂರಿನ ಸುತ್ತ ಹೆಸರುವಾಸಿ. ತೂಕದ ಯಂತ್ರ ಬಂದ ಮೇಲೂ, ಮನೆಖರ್ಚಿನ ರಾಗಿಗೆ ಅವನೇ ಬಂದು ಕೊಳಗ ಹಿಡಿಯಲಿ ಅನ್ನುವವರಿದ್ದಾರೆ. ಒಂದನೇ ಕ್ಲಾಸಿನಲ್ಲಿ ನಾನೂ "ಲಾಭ, ಎರಡು, ಮೂರು" ಎಂದು ಕೂಗಿ ಮೇಷ್ಟ್ರ ಕೈಲಿ ಏಟು ತಿಂದವಳೇ. ಮುಂದೆ ಗಣಿತದಲ್ಲೇ ಎಂಎಸ್ಸಿ ಮಾಡಿದ್ದು ಆ ಏಟಿನ ಸೇಡಿಗೋ ಏನೋ.

ಈಗ ನನ್ನ ಕೆಲಸ ಮಿದುಳಿನ ಆರೋಗ್ಯದ ಒಂದು ಸಂಶೋಧನೆಯಲ್ಲಿ. ಹೊಲದಲ್ಲಿ ದುಡಿದವರ ನೆನಪು ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಎಂದು ನೋಡುವುದು. ಕರಾವಳಿಯ ಕಡೆಯ ಒಬ್ಬ ಡಾಕ್ಟರಮ್ಮ ಹಳ್ಳಿಗಳಿಗೆ ಹೋಗಿ ಹಿರಿಯರನ್ನು ಪ್ರಶ್ನೆ ಕೇಳುತ್ತಾರೆ. ನಾನು ಶ್ರೀರಂಗಪಟ್ಟಣದ ಕಚೇರಿಯಲ್ಲಿ ಕೂತು ಅವರು ತಂದ ಉತ್ತರಗಳ ಲೆಕ್ಕ ಹಾಕುತ್ತೇನೆ.

ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ ಎನ್ನುವುದೊಂದು ಪ್ರಶ್ನೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಎಷ್ಟೋ ಮಂದಿ ಎರಡರವರೆಗೂ ಸರಿಯಾಗಿ ಬಂದು ಕೊನೆಗೆ ತಪ್ಪಿದ್ದರು. ಮರೆವು ಹೀಗೆ ಎಲ್ಲರಿಗೂ ಒಂದೇ ಜಾಗದಲ್ಲಿ ಬರುವುದಿಲ್ಲ. ಕೊನೆಗೆ ಏನಂತಾರೆ ಎಂದು ಡಾಕ್ಟರಮ್ಮನನ್ನು ಕೇಳಿದೆ.

"ಎಂತದೋ ಲಾಭ ಅಂತಾರೆ ಮಾರಾಯ್ತಿ. ಎಣಿಸಿದ್ದಕ್ಕೆ ನಾವು ದುಡ್ಡು ಕೊಡ್ತೇವೆ ಅಂತ ತಿಳ್ಕೊಂಡಿದ್ದಾರಾ ಹೇಗೆ?"

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಕೋಪವೂ ಬಂತು. ನಮ್ಮ ಜನರ ಪದ್ಧತಿಗೆ ಮರೆವಿನ ಹಣೆಪಟ್ಟಿ ಹಚ್ಚಿಬಿಟ್ಟಿದ್ದೆವಲ್ಲ! ಜಗಳವಾಡಿ, 'ಲಾಭ ಎಂದರೂ ಸರಿ' ಎನ್ನುವ ಸಾಲನ್ನು ಕೈಪಿಡಿಗೆ ಸೇರಿಸಿದೆ. ಒಂದು ತಿಂಗಳು ಆ ಜಂಬದಲ್ಲೇ ಓಡಾಡಿದೆ.

ದೀಪದ ಬುಡದಲ್ಲೇ ಕತ್ತಲೆ. ಆ ಮಳೆಗಾಲದಲ್ಲಿ ಅಪ್ಪ ಪಂಪ್‌ಸೆಟ್ ಹಾಕಿ ಮರೆಯತೊಡಗಿದ. ಕಾಫಿ ಕುಡಿದ ಲೋಟ ಕೈಯಲ್ಲಿದ್ದಾಗಲೇ ಕಾಫಿ ಆಯ್ತಾ ಎಂದು ಕೇಳುತ್ತಿದ್ದ. ಹಿಂದಿನ ಸುಗ್ಗಿಯಲ್ಲಿ ಪಕ್ಕದವರ ಕಣದಲ್ಲಿ ಲೆಕ್ಕ ತಪ್ಪಿ ಮತ್ತೆ ಲಾಭದಿಂದ ಶುರುಮಾಡಿದ್ದನಂತೆ. ಅವರು ನಕ್ಕು ಸುಮ್ಮನಾಗಿದ್ದರು. ಮುಂದಿನ ಸುಗ್ಗಿಗೆ ಕೊಳಗ ಅವನ ಕೈಯಲ್ಲಿ ಇರುತ್ತದೋ ಇಲ್ಲವೋ ಎಂದು ನನಗೆ ಹೆದರಿಕೆಯಾಯಿತು. ಕೊಳಗವಿಲ್ಲದ ಅಪ್ಪನನ್ನು ನಾನು ಕಂಡೇ ಇರಲಿಲ್ಲ.

ಕೊನೆಗೆ ಅವನನ್ನು ಕಚೇರಿಗೇ ಕರೆದುಕೊಂಡು ಹೋದೆ. ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ ಡಾಕ್ಟರಮ್ಮ ನನ್ನನ್ನು ಬಾಗಿಲ ಹತ್ತಿರ ಕೂರಿಸಿದರು. ಕುರಿ, ಬೀಗ, ಬೆಲ್ಲ ಎಂದು ಮೂರು ಮಾತು ಹೇಳಿ, ಆಮೇಲೆ ಕೇಳುತ್ತೇನೆ, ನೆನಪಿಟ್ಟುಕೊಳ್ಳಿ ಅಂದರು.

"ಈಗ ಯಾವ ತಿಂಗಳು ಅಜ್ಜ?"

"ಪುಷ್ಯ ಮಳೆ ಕಣವ್ವ. ನಾಟಿ ನಡೀತಾ ಅದೆ."

"ಸರಿಯಾಗಿದೆ, ನಮ್ಮಲ್ಲಿ ತಿಂಗಳು ಹೇಳುವುದು ಮಳೆ ಲೆಕ್ಕದಲ್ಲೇ" ಎಂದು ನಾನು ಬಾಯಿ ಹಾಕಿದೆ. ಡಾಕ್ಟರಮ್ಮ ಕಣ್ಣು ಬಿಟ್ಟರೂ ಬರೆದುಕೊಂಡರು. ಹಿಂದಕ್ಕೆ ಎಣಿಸುವಾಗ ಅಪ್ಪ ನಿಧಾನವಾಗಿ ಇಳಿದು ಬಂದು "ಎರಡು, ಲಾಭ" ಅಂದ. ಡಾಕ್ಟರಮ್ಮ ನನ್ನತ್ತ ನೋಡಿ ನಕ್ಕು ಸರಿ ಗುರುತು ಹಾಕಿದರು. ನನಗೆ ಗೆದ್ದಷ್ಟು ಖುಷಿ.

"ಆಗ ಹೇಳಿದ ಮೂರು ಮಾತು ಯಾವುದು ಅಜ್ಜ?"

ಅಪ್ಪ ಒಂದು ಬೆರಳು ಮಡಚಿದ. "ಬೆಲ್ಲ" ಅಂದ. ಎರಡನೇ ಬೆರಳು ಮಡಚಲೇ ಇಲ್ಲ.

ನಾನು ತಡೆಯಲಾರದೆ ಎದ್ದೆ. "ನಮ್ಮ ಮನೇಲಿ ಕುರಿ ಸಾಕಿಲ್ಲ ಮೇಡಂ. ಬೀಗ ಹಾಕೋ ಅಭ್ಯಾಸವೂ ಇಲ್ಲ, ಅದಕ್ಕೇ..."

"ಸುಮ್ಕಿರವ್ವ" ಅಂದ ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಅದ್ಕೂ ಒಂದು ಶಾಸ್ತ್ರ ಯೋಳ್ಬ್ಯಾಡ. ಅವ್ರು ಯೋಳಿದ್ರು, ನಂಗೆ ಮರ್ತೋಯ್ತು. ಅಷ್ಟೆಯ."

ಡಾಕ್ಟರಮ್ಮ ತಲೆತಗ್ಗಿಸಿ ಬರೆದರು. ಬಸ್ಸಿನಲ್ಲಿ ಬರುವಾಗ ಅಪ್ಪ ಗದ್ದೆಗಳನ್ನು ನೋಡುತ್ತಿದ್ದ. ನಾನು ಮುಖ ಆ ಕಡೆ ಮಾಡಿಕೊಂಡು ಅತ್ತೆ.

ಆ ವರ್ಷದ ಸುಗ್ಗಿಯಲ್ಲಿ ನಮ್ಮ ರಾಗಿ ರಾಶಿ ಬಿತ್ತು. ಅಪ್ಪ ಚಪ್ಪಲಿ ಬಿಟ್ಟು ಕಣಕ್ಕೆ ಬಂದು ರಾಶಿಗೆ ಕೈಮುಗಿದ. ಕೊಳಗವನ್ನು ಎತ್ತಿ ನನ್ನ ಕೈಗೆ ಕೊಟ್ಟ. ಹೆಣ್ಣುಮಕ್ಕಳು ಕೊಳಗ ಹಿಡಿದದ್ದನ್ನು ನಮ್ಮ ಕಣ ಅದುವರೆಗೆ ಕಂಡಿರಲಿಲ್ಲ.

"ನೀನೇ ಅಳೆ, ಅಪ್ಪ" ಅಂದೆ.

"ಲಾಭ ನಾನಂತೀನಿ, ಅದು ಮರೆಯಕಿಲ್ಲ" ಅಂದ. "ಮಿಕ್ಕಿದ್ದ ನೀನು ಎಣ್ಸು."

ಕೊಳಗ ತುಂಬಿ ಸುರಿದೆ. ಅಪ್ಪ ಕಣಕ್ಕೆಲ್ಲ ಕೇಳುವ ಹಾಗೆ "ಲಾಭ" ಅಂದ. ಮತ್ತೆ ತುಂಬಿ ಸುರಿದು ನಾನು "ಎರಡು" ಅಂದೆ.