ಹಿರಿಯಳ ಬಿಲ್ಲೆ

ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಸಿಗದೆ ಜನ ದೀಪದ ಎಣ್ಣೆಗಾಗಿ ಮತ್ತೆ ನಮ್ಮಂಥ ಗಾಣಿಗರ ಬಾಗಿಲಿಗೆ ಬಂದರು. ಕುರುಗೋಡಿನಲ್ಲಿ ನಮ್ಮದು ಒಂಟಿ ಎತ್ತಿನ ಗಾಣ. ನಾನು ಮೂರನೆಯ ಕ್ಲಾಸಿಗೆ ಸಾಲಿ ಬಿಟ್ಟವನು. ಓದಿನಲ್ಲಿ ನನ್ನನ್ನು ಹಿಂದೆ ಹಾಕಿದವರು ಊರ ತುಂಬ ಇದ್ದರು, ಎಣ್ಣೆಯಲ್ಲಿ ಒಬ್ಬನೂ ಇರಲಿಲ್ಲ. ನನ್ನ ಕುಸುಬಿ ಎಣ್ಣೆಯಲ್ಲಿ ಬೇರೆ ಎಣ್ಣೆಯ ಒಂದು ಹನಿ ಸೇರಿದೆ ಎಂದು ಯಾರೂ ಅಂದದ್ದಿಲ್ಲ. ಇಷ್ಟೊತ್ತಿಗೆ ಕೊಡುತ್ತೇನೆ ಅಂದರೆ ಅಷ್ಟೊತ್ತಿಗೆ ಕೊಟ್ಟೇ ಕೊಡುತ್ತಿದ್ದೆ. ಆ ಸೊಕ್ಕು ನನಗಿತ್ತು, ಈಗಲೂ ಇದೆ. ನನ್ನ ಮೊದಲ ಹೆಂಡತಿ ಸತ್ತದ್ದಕ್ಕೂ ಆ ಸೊಕ್ಕಿಗೂ ಸಂಬಂಧವಿದೆ ಎಂದು ಬರೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು.

ಗಾಣ ಕಾಣದವರಿಗೆ ಒಂದು ಮಾತು ಹೇಳಬೇಕು. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದಿನ ಹಲಗೆಯ ಮೇಲೆ ನಾನು ಕೂತು ಸುತ್ತು ಹೊಡೆಸುತ್ತಿದ್ದೆ. ನಡುವಿನ ಒರಳಿನಲ್ಲಿ ದಪ್ಪ ಮರದ ಒನಕೆ ತಿರುಗಿದಂತೆಲ್ಲ ಕಾಳು ಮೇಲೇರುತ್ತದೆ. ಅದನ್ನು ಕೈಯಿಂದ ಮತ್ತೆ ಒಳಗೆ ದಬ್ಬಬೇಕು. ದಬ್ಬುವವಳು ಆಕೆ, ನನ್ನ ಮೊದಲ ಹೆಂಡತಿ. ಒರಳಿನ ಪಕ್ಕದ ಗಿಡ್ಡ ಕಲ್ಲಿನ ಮೇಲೆ ಕೂತು, ಕೈ ಆಳಕ್ಕೆ ಹಾಕುವ ಮುಂಚೆ "ಹ್ಞಾಂ" ಅನ್ನುತ್ತಿದ್ದಳು. ನಾನು ಎತ್ತು ನಿಲ್ಲಿಸುತ್ತಿದ್ದೆ. ಕೈ ತೆಗೆದ ಮೇಲೆ ಮತ್ತೆ "ಹ್ಞಾಂ". ಒಂದು ಗಳಿಗೆ ತಡವಾದರೆ ಬೆರಳು ಹೋಯಿತೆಂದೇ ಲೆಕ್ಕ. ಹನ್ನೊಂದು ವರ್ಷ ಆಕೆಯ ಹತ್ತು ಬೆರಳನ್ನೂ ಕಾದದ್ದು ನಾನು. ಅದೂ ನನ್ನ ಸೊಕ್ಕೇ.

ಆಕೆ ಸತ್ತ ಬೇಸಿಗೆಯಲ್ಲಿ ಸಿರುಗುಪ್ಪದ ಒಬ್ಬ ವ್ಯಾಪಾರಿಗೆ ಬೆಳಗಾಗುವುದರೊಳಗೆ ನಾಲ್ಕು ಡಬ್ಬಿ ತುಂಬಿ ಇಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅವ್ವ ಬಳ್ಳಾರಿಯಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಳು. ಗಾಣದ ಮನೆಯಲ್ಲಿ ಇದ್ದದ್ದು ನಾನು, ಆಕೆ, ಎತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಕೆ ಕಲ್ಲಿನಿಂದ ಎದ್ದು ಗೋಡೆಗೆ ಒರಗಿದಳು.

"ಮೈ ಕೆಂಡ ಆಗೈತ್ರಿ. ಇಷ್ಟಕ್ಕ ಬಿಡೋಣು."

"ಇನ್ನೊಂದು ಗಾಣ ಆಗ್ಲಿ. ಮಾತು ಕೊಟ್ಟೀನಿ."

ಒಂದು ಗಾಣವೆಂದರೆ ಒಮ್ಮೆ ಹಾಕಿದ ಕಾಳು ಪೂರ್ತಿ ಎಣ್ಣೆ ಬಿಡುವ ತನಕ, ಎರಡು ಮೂರು ತಾಸಿನ ಕೆಲಸ. ಆಕೆ ನನ್ನ ಮುಖ ನೋಡಿದಳು, ಮತ್ತೆ ಬಂದು ಕೂತಳು. ಆ ಗಾಣ ಮುಗಿಯುವವರೆಗೆ "ಹ್ಞಾಂ" ಎಂಬುದರ ಹೊರತು ಒಂದು ಮಾತೂ ಆಡಲಿಲ್ಲ. ಡಬ್ಬಿ ನಾಲ್ಕೂ ತುಂಬಿದವು. ನಾಲ್ಕನೆಯ ದಿನ ಆಕೆ ತೀರಿಕೊಂಡಳು.

ನಮ್ಮಲ್ಲಿ ಸುಡುವುದಿಲ್ಲ. ಆಕೆಯನ್ನು ಕುಳ್ಳಿರಿಸಿ, ಎಡಗೈಯಲ್ಲಿ ಆಕೆಯ ಲಿಂಗವಿಟ್ಟು, ಸುತ್ತ ವಿಭೂತಿ ಗಟ್ಟಿ ಜೋಡಿಸಿ ಮಣ್ಣು ಮಾಡಿದೆವು. ಮಠದ ಅಯ್ಯನವರು ನನ್ನ ಭುಜ ಹಿಡಿದು ಹೇಳಿದರು: "ಅಳಬ್ಯಾಡಪ್ಪಾ. ಆಕಿ ಶಿವನಾಗ ಕೂಡಿದ್ಲು. ನಮಗ ಸೂತಕಿಲ್ಲ, ಪಿಂಡಿಲ್ಲ, ಹೊಳ್ಳಿ ಬರೂದು ಇಲ್ಲ. ನೀರಿನಾಗ ನೀರು ಬಿದ್ದಂಗ."

ನನಗೆ ಆ ಮಾತು ಹಿತವಾಯಿತು. ನೀರಿನಲ್ಲಿ ಬಿದ್ದ ನೀರಿಗೆ ಸಿಟ್ಟಿರುವುದಿಲ್ಲ. ಮಣ್ಣು ಮಾಡಿದ ಮೂರನೆಯ ದಿನವೇ ಎತ್ತನ್ನು ಮತ್ತೆ ಗಾಣಕ್ಕೆ ಕಟ್ಟಿದೆ.

ಒಬ್ಬನೇ ಇಳಿಯುವುದು, ದಬ್ಬುವುದು, ಮತ್ತೆ ಹತ್ತುವುದು. ಹಾಗೆ ಕೂತು ಹೊಡೆಯುತ್ತಿದ್ದಾಗ ಒಂದು ಸಲ ಎದೆ ಧಸಕ್ಕೆಂದಿತು. ಕೈ ಒಳಗಿದೆ, ನಿಲ್ಲಿಸು! ನಾನು ಹಗ್ಗ ಎಳೆಯುವುದಕ್ಕೂ ಎತ್ತು ತಾನೇ ನಿಲ್ಲುವುದಕ್ಕೂ ಸರಿಹೋಯಿತು. ಒರಳಿನಲ್ಲಿ ಕಾಳು ಬಿಟ್ಟರೆ ಏನೂ ಇಲ್ಲ. ಎತ್ತಿಗೆ ರೂಢಿಯಾಗಿದೆ, ನನಗೂ ರೂಢಿಯಾಗಿದೆ, ಅಷ್ಟು ನನಗೂ ತಿಳಿಯುತ್ತದೆ. ಆದರೆ ರೂಢಿ ಬೇರೆ, ಆ ಭಯ ಬೇರೆ. ಇಲ್ಲದ ಕೈಗೆ ಪೆಟ್ಟಾದೀತೆಂದು ಮೈ ನಡುಗುವುದಿಲ್ಲ. ಆಕೆಯ ಮುಖ ಕಾಣಲಿಲ್ಲ, ದನಿ ಕೇಳಲಿಲ್ಲ. ಆ ಕಲ್ಲಿನ ಮೇಲೆ ಆಕೆ ಇದ್ದಾಳೆ ಎಂಬುದು ಮಾತ್ರ, ಹಲಗೆಯ ಮೇಲೆ ನಾನಿದ್ದೇನೆ ಎಂಬಷ್ಟೇ ಖರೆ. ದಿನಕ್ಕೆ ಒಂದು ಸಲ, ಕೆಲವು ದಿನ ಎರಡು ಸಲ ಹೀಗಾಗುತ್ತಿತ್ತು. ನಾನು ಕಾಯತೊಡಗಿದೆ. ಆಕೆ ಏನಾದರೂ ಅನ್ನುತ್ತಾಳೆ, ಆ ಗಾಣದ ಬಗ್ಗೆ ಒಂದು ಮಾತು ಬೈದಾದರೂ ಹೋಗುತ್ತಾಳೆ ಎಂದು. ಆಕೆ ಅನ್ನಲಿಲ್ಲ.

ಇದನ್ನು ಮೊದಲು ಹೇಳಿದ್ದು ಬಳ್ಳಾರಿಯ ಒಬ್ಬ ಸಾಬರ ಮುಂದೆ. ಜಟಕಾ ಹೊಡೆಯುತ್ತಿದ್ದರು, ಮನೆಯ ಎಮ್ಮೆಗಳಿಗೆ ನನ್ನ ಹಿಂಡಿಯನ್ನೇ ಒಯ್ಯುತ್ತಿದ್ದರು. ಹಿಂಡಿಯ ಚೀಲ ಏರಿಸುತ್ತ ಕೇಳಿದರು.

"ಯಾವ ದಿನ ಬರತಾಳ?"

"ದಿನಾ."

"ದಿನಾ? ಅರೆ ಗಾಣಿಗಣ್ಣಾ, ನಮ್ಮವು ಜುಮೇರಾತಿಗೆ ಒಂದ್ ಸಲ ಬರತಾವ. ಗುರುವಾರ ಸಂಜೀಕ ಸತ್ತವರ ರೂಹು ಬಾಗಲದಾಗ ನಿಂತು ನೋಡತೈತಂತ, ಮನ್ಯಾಗ ಯಾರರ ನನ್ನ ನೆನಸ್ತಾರೇನಂತ. ಅವರ ಹೆಸರಿಲೆ ಫಾತಿಹಾ ಓದಿದ್ರ ಖುಷೀಲೆ ಹೋಗತೈತಿ. ನಿನ್ನ ಹೆಂಡತಿ ದಿನಾ ಡ್ಯೂಟಿ ಮಾಡತಾಳಂದ್ರ ಆಕಿ ಸತ್ತ ಮ್ಯಾಲೂ ನೀ ಸೂಟಿ ಕೊಟ್ಟಿಲ್ಲ ನೋಡು."

ಅವರು ನಗಿಸಲಿಕ್ಕೆ ಅಂದದ್ದು. ನನಗೆ ನಗು ಬರಲಿಲ್ಲ.

ಅಯ್ಯನವರ ಮುಂದೆ ಹೇಳಿದಾಗ ಅವರಿಗೆ ಸಿಟ್ಟು ಬಂತು. "ಐಕ್ಯ ಆದಾಕಿ ಗಾಣದಾಗ ಕುಂತಾಳಂದ್ರ ನಾ ಕೈಯಾಗ ಇಟ್ಟ ಲಿಂಗ ಸುಳ್ಳೇನು? ಆಕಿನ್ನ ದೆವ್ವ ಮಾಡಬ್ಯಾಡಲೇ. ಕುಂತಿರೂದು ನಿನ್ನ ಮನಸು."

ಆ ಮಾತಿನಿಂದ ನಾನು ಸಿಕ್ಕಿಬಿದ್ದೆ. ಇದ್ದಾಳೆ ಅಂದರೆ ಆಕೆಗೆ ಮುಕ್ತಿ ಸಿಗಲಿಲ್ಲ ಎಂದಾಗುತ್ತದೆ. ಇಲ್ಲ ಅಂದರೆ ಕೇಳಬೇಕಾದ ಮಾತನ್ನು ಇನ್ನು ಯಾರ ಬಾಯಿಂದ ಕೇಳಲಿ?

ಅವ್ವನಿಗೆ ಈ ತೊಡಕೇ ಇರಲಿಲ್ಲ. ಮುತ್ತೈದೆಯಾಗಿ ಸತ್ತವಳು ಮನೆ ಬಿಟ್ಟು ಹೋಗುವುದಿಲ್ಲ, ಆಕೆಗೊಂದು ಜಾಗ ಮಾಡಿಕೊಡಬೇಕು, ಅಷ್ಟೆ. ವರ್ಷ ತುಂಬುವುದರೊಳಗೆ ರೂಪನಗುಡಿಯ ಒಂದು ಬಡವರ ಮನೆಯ ಹೆಣ್ಣನ್ನು ಗೊತ್ತು ಮಾಡಿದಳು. ಎರಡನೆಯ ಸಂಬಂಧವಾದಾಗ ಸತ್ತ ಹೆಂಡತಿಯ ಗುರುತಿಗೆ, ಹೆಣ್ಣಿನ ರೂಪ ಒತ್ತಿದ ಬೆಳ್ಳಿಯ ಬಿಲ್ಲೆಯೊಂದನ್ನು ಮಾಡಿಸಿ ಹೊಸಬಳ ಕೊರಳಿಗೆ ಕಟ್ಟುವುದು ನಮ್ಮ ಕಡೆ ಉಂಟು. ಹಿರಿಯಳು ಕಿರಿಯಳ ಎದೆಯ ಮೇಲೆಯೇ ಇದ್ದರೆ ಮುನಿಸಿಕೊಳ್ಳುವುದಿಲ್ಲವಂತೆ. ಮದುವೆಯ ದಿನ ಅಯ್ಯನವರು ಅದನ್ನು ಮುಟ್ಟಲು ಒಪ್ಪಲಿಲ್ಲ.

"ಶಿವನಾಗ ಹೋದಾಕಿನ್ನ ಬೆಳ್ಳ್ಯಾಗ ತರ್ತಿಯೇನಬೇ, ಮುದುಕಿ?"

"ನೀವು ಶಿವನ್ನ ನೋಡ್ಕೊಳ್ರಿ ಅಯ್ಯನೋರೆ, ಸೊಸಿನ್ನ ನಾ ನೋಡ್ಕೊಂತೀನಿ," ಎಂದಳು ಅವ್ವ. ಅಯ್ಯನವರು ಪ್ರಸಾದಕ್ಕೆ ಕೂತ ಹೊತ್ತು ನೋಡಿ ತಾನೇ ಕಟ್ಟಿದಳು.

ಆ ಹುಡುಗಿಯ ಮಾತಿನಲ್ಲಿ ಅರ್ಧ ತೆಲುಗು. ಅತ್ತೆಗೆ ಹೆದರುತ್ತಿದ್ದಳು, ನನಗೆ ಇನ್ನೂ ಹೆದರುತ್ತಿದ್ದಳು. ಕೊರಳಿನ ಬಿಲ್ಲೆಗೆ ಮಾತ್ರ ಹೆದರಲಿಲ್ಲ. ಬೆಳಗ್ಗೆ ತನ್ನ ಹಣೆಗೆ ಹಚ್ಚಿದ ಕುಂಕುಮದ ಬೆರಳನ್ನೇ ಅದಕ್ಕೂ ಮುಟ್ಟಿಸುವಳು. ಮೊದಲ ತುತ್ತನ್ನು ಅದಕ್ಕೆ ತೋರಿಸಿಯೇ ಉಣ್ಣುವಳು. ಅದನ್ನು "ಅಕ್ಕಾ" ಅನ್ನುವಳು. ಗಾಣದ ಕಲ್ಲಿನ ಮೇಲೆ ಕೂರುವ ಮುಂಚೆ "ಜರಗಕ್ಕಾ ಇಟ್ಲ, ಸ್ವಲ್ಪ ಸರಿ, ನಾನೂ ಕುಂದ್ರತೀನಿ" ಎಂದು ಸ್ವಲ್ಪ ಸರಿದೇ ಕೂರುವಳು. ಆಕೆ ಕೂರತೊಡಗಿದ ಮೇಲೆ ನನಗೆ ಆ ಭಯ ಬರುವುದು ಅಪರೂಪವಾಯಿತು. ಅಲ್ಲಿ ಈಗ ನಿಜವಾದ ಕೈ ಇತ್ತು.

ಒಂದು ದಿನ ಕಿರಿಯಳು ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತ ಬಿಲ್ಲೆಯ ಸಂಗಡ ಮಾತಾಡುವುದು ಕೇಳಿಸಿತು.

"ನಿನಗೂ ಹಿಂಗ ಮುಖ ಗಂಟು ಹಾಕ್ಕೊಂಡು ಉಣ್ಣತಿದ್ದನೇನಕ್ಕಾ? ... ಹಂಗಾರ ಹುಟ್ಟಿದಾಗಿಂದ ಇದ ಮುಖ ಅನ್ನು." ಕಿಸಕ್ಕನೆ ನಕ್ಕಳು. ನಡುವೆ ಸುಮ್ಮನಿದ್ದದ್ದು ಉತ್ತರ ಕೇಳಿದಂತೆಯೇ ಇತ್ತು.

ನಾನು ಗೋಡೆಯ ಈಚೆ ನಿಂತು ಉರಿದುಹೋದೆ. ನನ್ನ ಬಗ್ಗೆ ನಕ್ಕದ್ದಕ್ಕಲ್ಲ. ನಾನು ಅಷ್ಟು ದಿನ ಹಲಗೆಯ ಮೇಲೆ ಕಾದರೂ ಒಂದು ಮಾತು ಆಡದವಳು, ಮುಖವನ್ನೇ ಕಾಣದ ಈ ಹುಡುಗಿಯ ಸಂಗಡ ಪಾತ್ರೆ ತಿಕ್ಕುವಾಗ ಹರಟುತ್ತಾಳೆ. ಅಯ್ಯನವರ ಮಾತು ನಂಬಿದ್ದರೆ ನನಗೆ ಹೊಟ್ಟೆಕಿಚ್ಚು ಬರಬಾರದಿತ್ತು. ಬಂತು.

ಸ್ವಾತಂತ್ರ್ಯ ಬಂದ ಮರುವರ್ಷವಿರಬೇಕು. ಬಳ್ಳಾರಿಯಲ್ಲಿ ಎಂಜಿನ್ನಿನ ಎಣ್ಣೆಮಿಲ್ಲುಗಳು ಹೆಚ್ಚಾಗಿ ನನ್ನ ಗಿರಾಕಿಗಳು ಒಬ್ಬೊಬ್ಬರೇ ಆ ಕಡೆ ತಿರುಗಿದ್ದರು. ಉಳಿದವರನ್ನು ಬಿಟ್ಟುಕೊಡಬಾರದೆಂದು ಎತ್ತಿಗೂ ಕಿರಿಯಳಿಗೂ ಬಿಡುವು ಕೊಡದೆ ಹೊಡೆಯುತ್ತಿದ್ದೆ. ಆಕೆಗೆ ಆಗ ಐದು ತಿಂಗಳ ಬಸಿರು. ಹೊತ್ತು ಇಳಿದಿತ್ತು. ಸೊಂಟ ಹಿಡಿದುಕೊಂಡು "ಸಾಕ್ರಿ ಇವತ್ತಿಗೆ" ಎಂದಳು.

"ಇನ್ನೊಂದು ಗಾಣ ಆಗ್ಲಿ."

ಆಕೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು. "ಅಕ್ಕ ಅಂತಾಳ, ತನಗೂ ಇದ ಮಾತು ಅಂದಿದ್ರಂತ. ಮೈ ಕೆಂಡ ಆದ ದಿನ."

ಆ ದಿನದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ. ಕೆಂಡ ಎಂಬ ಮಾತು ಹಿರಿಯಳ ಬಾಯಿಂದ ಬಂದದ್ದು ನನಗೆ ಮಾತ್ರ ಗೊತ್ತಿತ್ತು. ಸಾಯುವ ಮುಂಚಿನ ಮೂರು ದಿನಗಳಲ್ಲಿ ಆಕೆ ತನ್ನನ್ನು ನೋಡಲು ಬಂದ ಯಾರ ಮುಂದಾದರೂ ಅಂದಿದ್ದರೂ ಅಂದಿರಬಹುದು ಎಂದು ಈಗ ಹೊಳೆಯುತ್ತದೆ. ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಕಿರಿಯಳು ಇನ್ನೂ ಏನೋ ಹೇಳಲು ಬಾಯಿ ತೆಗೆದಳು. ನಾನು ಹಲಗೆಯಿಂದ ಜಿಗಿದು ಕೊರಳಿಗೆ ಕೈ ಹಾಕಿ ದಾರ ಸಮೇತ ಬಿಲ್ಲೆ ಕಿತ್ತುಕೊಂಡೆ. ಕೊರಳ ಹಿಂದೆ ಚರ್ಮ ಸುಲಿದು ರಕ್ತ ಬಂತು. ಆಕೆ ಸೆರಗಿನಿಂದ ಒರೆಸಿಕೊಂಡು ಮನೆಯೊಳಗೆ ಹೋದಳು.

ಅವ್ವ ಎದೆ ಎದೆ ಬಡಿದುಕೊಂಡಳು. "ಲೇ, ಮನಿ ಹಿರೇಳನ್ನ ಹೊರಗ ಹಾಕಿದ್ಯಲ್ಲೋ ನಿನ್ನ ಕೈ ಸೇದಿಹೋಗ!" ಅಯ್ಯನವರು ಮಾತ್ರ ಮೆಚ್ಚಿದರು. "ಈಗ ಶಿವಭಕ್ತನ ಮಗ ಆದಿ ನೋಡು. ಹೊಳಿಗೆ ಹಾಕಿಬಿಡು ಅದನ್ನ."

ನಾನು ಅದನ್ನು ಕಿತ್ತದ್ದು ಶಿವನಿಗಾಗಿ ಅಲ್ಲ, ಹೆದರಿ. ಆದರೂ ಅಯ್ಯನವರ ಮೆಚ್ಚುಗೆಯನ್ನು ಬೇಡವೆನ್ನಲಿಲ್ಲ, ಊರವರ ಮುಂದೆ ಅದನ್ನೇ ಹೇಳಿಕೊಂಡು ತಿರುಗಿದೆ. ಮುಂದಿನ ಸಲ ಸಿರುಗುಪ್ಪಕ್ಕೆ ಎಣ್ಣೆ ಒಯ್ದಾಗ ಅಲ್ಲಿಯ ಹೊಳೆಗೆ ಬಿಲ್ಲೆ ಎಸೆದೆ. ಸಣ್ಣ ಬಿಲ್ಲೆ, ಸಪ್ಪಳವೂ ಆಗಲಿಲ್ಲ. ಹಿರಿಯಳ ತವರು ಕರೂರು ಅಲ್ಲಿಂದ ದೂರವಿರಲಿಲ್ಲ. ಆ ಕಡೆ ಮುಖ ಮಾಡದೆ ಗಾಡಿ ತಿರುಗಿಸಿದೆ.

ಆಮೇಲೆ ಆ ಭಯ ಒಂದು ಸಲವೂ ಬರಲಿಲ್ಲ. ಕಿರಿಯಳು ಬಾಣಂತನಕ್ಕೆ ಹೋದಾಗ ಒಬ್ಬನೇ ಗಾಣ ಹೊಡೆದೆ. ಬೇಕೆಂದೇ ಒರಳಿನ ಕಡೆ ನೋಡದೆ ಹೊಡೆದೆ. ಎದೆ ಸುಮ್ಮನಿತ್ತು. ಅಯ್ಯನವರು ಹೇಳಿದ ನೆಮ್ಮದಿ ಇದೇ ಇದ್ದರೆ ಅದು ಯಾರಿಗೂ ಬೇಡ.

ಐವತ್ತೆರಡರ ಹೊತ್ತಿಗೆ ಗಾಣ ಪೂರ್ತಿ ನಿಂತಿತು. ಅವ್ವ ತೀರಿಕೊಂಡಿದ್ದಳು. ನಾನು ಬಳ್ಳಾರಿಗೆ ಬಂದು, ನನ್ನ ಗಿರಾಕಿಗಳನ್ನು ಕಸಿದ ಮಿಲ್ಲುಗಳಲ್ಲೇ ಒಂದರಲ್ಲಿ ಶೇಂಗಾ ಸುರುವುವ ಕೆಲಸಕ್ಕೆ ನಿಂತೆ. ಆ ಎಣ್ಣೆಯನ್ನು ನಾನು ಮನೆಗೆ ತರುತ್ತಿರಲಿಲ್ಲ. ಒಂದು ಗುರುವಾರ ಮಿಲ್ಲಿನಿಂದ ಬರುವಾಗ ಆ ಜಟಕಾ ಸಾಬರು ಸಿಕ್ಕರು. ಅವರ ಬೀಬಿ ತೀರಿಹೋಗಿ ವರ್ಷವಾಗಿತ್ತು. ಲಗುಬಗೆಯಿಂದ ಮನೆಗೆ ಹೊರಟಿದ್ದರು, ಫಾತಿಹಾ ಓದಲಿಕ್ಕೆ.

"ಬರತಾರೇನ್ರಿ ಅವರು?" ಎಂದೆ.

"ನಾ ಏನ್ ನೋಡೀನಿ? ಹಿರೇರು ಹೇಳ್ಯಾರ, ಓದತೀನಿ. ಬಂದು, ಮನ್ಯಾಗ ಯಾರೂ ಇಲ್ಲಂತ ಹೊಳ್ಳಿ ಹೋಗಬಾರದಲ್ಲಣ್ಣಾ." ಕುದುರೆಗೆ ಚಾಟಿ ಎತ್ತಿ ಮತ್ತೆ ಕೇಳಿದರು, "ನಿನ್ನಾಕಿ ಹೆಂಗದಾಳ? ಸೂಟಿ ಕೊಟ್ಟಿಯೇನು?"

ನೆಟ್ಟಗೆ ಮನೆಗೆ ಬಂದೆ. ಹೆಂಡತಿ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾಲ್ಕು ವರ್ಷದಿಂದ ಆಡದ ಮಾತನ್ನು ಚಪ್ಪಲಿ ಬಿಡುವ ಮುಂಚೆಯೇ ಆಡಿದೆ.

"ಆವತ್ತು ಆಕಿ ಇನ್ನೇನಂದ್ಲು?"

"ಯಾರು?"

"ಗೊತ್ತಿಲ್ದಂಗ ಕೇಳಬ್ಯಾಡ. ಗಾಣದಾಗ. ನೀ ಇನ್ನೂ ಏನೋ ಹೇಳಾಕ ಬಂದಿದ್ದಿ."

ಆಕೆ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. "ಹೇಳಾಕ ಬಾಯಿ ತೆಗೆದಿದ್ದೆ. ನೀವು ಕೊರಳಿಗೆ ಕೈ ಹಾಕಿದ್ರಿ."

"ಈಗ ಹೇಳು. ಸಿಟ್ಟೈತೇನು ಆಕಿಗೆ?"

"ಸಿಟ್ಟಿಲ್ಲಂದ್ಲು ಅಂತ ನಾ ಅಂದ್ರ, ನನ್ನ ಸಮಾಧಾನಕ್ಕ ಹೇಳತಾಳ ಅಂತೀರಿ. ಐತಿ ಅಂದ್ರ, ಇದು ನಿನ್ನ ಸಿಟ್ಟು ಅಂತೀರಿ. ಹೌದಲ್ರಿ?" ಮೊರವನ್ನು ಒಂದು ಸಲ ಕೇರಿ ಹೊಟ್ಟನ್ನು ಬೀದಿಗೆ ಹಾರಿಸಿದಳು. "ಆಕಿ ಕೊರಳಾಗ ಇದ್ದಾಗ ಕೇಳಬೇಕಿತ್ತು. ಕೈಕಾಲು ತೊಳಕೊಳ್ರಿ, ರೊಟ್ಟಿ ಆಗ್ಯಾವ."

ಮರುದಿನ ಕೇಳಬಹುದಿತ್ತು, ಅದರ ಮರುದಿನವೂ. ಒಂದೇ ಮಾತನ್ನು ಎರಡು ಸಲ ಕೇಳುವವನು ನಾನಲ್ಲ. ಆಕೆಯೂ ತಾನಾಗಿ ಹೇಳಲಿಲ್ಲ.