ಇಂಡಿಗೆ ಬಂದ ಅರ್ಧ ಕಾರು

ಇಂಡಿ ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಸಿದ್ದಲಿಂಗ ಒಂದು ಕೋಳಿಯನ್ನೂ ಕೊಂದವನಲ್ಲ. ಆಡು ಅಡ್ಡ ಬಂದರೆ ನಿಲ್ಲಿಸುತ್ತಿದ್ದ. ಅಡ್ಡ ಬರಬಹುದು ಎನಿಸಿದರೂ ನಿಲ್ಲಿಸುತ್ತಿದ್ದ. ಕೋರ್ಟಿನ ತಾರೀಕು ಇದ್ದವರು ಅವನ ಬಸ್ಸನ್ನು ಬಿಟ್ಟು ಹಿಂದೆ ಬರುವುದಕ್ಕೆ ಕಾಯುತ್ತಿದ್ದರು. ಬಾಣಂತಿಯರು, ಮೊಣಕಾಲು ನೋವಿನ ಮುದುಕಿಯರು ಮಾತ್ರ ಅವನ ಪಾಳಿ ಯಾವುದೆಂದು ವಿಚಾರಿಸಿಕೊಂಡೇ ಮನೆ ಬಿಡುತ್ತಿದ್ದರು. ಅಪಘಾತವಿಲ್ಲದ ಸೇವೆಗೆ ಸಾರಿಗೆ ಸಂಸ್ಥೆ ಅವನಿಗೆ ಬೆಳ್ಳಿಯ ಪದಕ ಕೊಟ್ಟಿತು. ಜೊತೆಯ ಚಾಲಕರು ‘ಸಾವಕಾಶ ಸಿದ್ದಲಿಂಗ’ ಎಂದು ಹೆಸರು ಕೊಟ್ಟರು. ಎರಡನ್ನೂ ಅವನು ಸಂತೋಷದಿಂದಲೇ ತೆಗೆದುಕೊಂಡ.

ಇಂಥವನಿಗೆ ಓಡುವುದಕ್ಕೇ ಹುಟ್ಟಿದ ಕಾರೊಂದರ ಹುಚ್ಚು ಹಿಡಿದದ್ದು ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ.

ಹೊರ್ತಿಯ ಹತ್ತಿರ ಸೊಲ್ಲಾಪುರದ ಹೆದ್ದಾರಿಯಲ್ಲಿ ಬಸ್ಸಿನ ಗಾಲಿ ಪಂಚರಾಗಿತ್ತು. ಅವನು ರಸ್ತೆಯ ಅಂಚಿಗೆ ನಿಂತು ಕೈ ಒರೆಸಿಕೊಳ್ಳುತ್ತಿದ್ದಾಗ ಬಿಳಿಯ ಕಾರೊಂದು ಹಾದುಹೋಯಿತು. ಹಾದುಹೋದದ್ದು ಕಣ್ಣಿಗೆ ಸರಿಯಾಗಿ ಕಾಣಲೂ ಇಲ್ಲ; ಸೀಟಿ ಊದಿದಂಥ ಒಂದು ಉಸಿರು, ಅದರ ಬೆನ್ನಿಗೇ ಫಟ್ ಎಂಬ ಸಿಡಿತ, ಅಷ್ಟೇ. ಮುಂದೆ ಚಹದಂಗಡಿಯಲ್ಲಿ ಅದೇ ಕಾರು ನಿಂತಿತ್ತು. ಕಾರಿನವನು ಪುಣೆಯ ಅಮಿತ. ತಾಯಿಯ ತವರು ಚಡಚಣವಾದ್ದರಿಂದ ಕನ್ನಡ ಬರುತ್ತಿತ್ತು. ಕಾರು ಜಪಾನಿನದು, ಹಳೆಯದು, ಎಂಜಿನ್ನನ್ನು ತಾನೇ ಬಿಚ್ಚಿ ಬಲಪಡಿಸಿದ್ದೇನೆ ಎಂದ. ಸಿದ್ದಲಿಂಗನ ಕಣ್ಣು ನೋಡಿ ಬಾಗಿಲು ತೆಗೆದು ಕೂಡ್ರಿಸಿದ. ಬಸ್ಸಿನ ಸೀಟಿನ ಸ್ಪ್ರಿಂಗು ಚುಚ್ಚಿ ಚುಚ್ಚಿ ಹಣ್ಣಾಗಿದ್ದ ಬೆನ್ನನ್ನು ಆ ಸೀಟು ಎರಡೂ ಕಡೆಯಿಂದ ತಬ್ಬಿ ಹಿಡಿಯಿತು. ಅಂದು ಬಸ್ಸು ಒಂದು ತಾಸು ತಡವಾಗಿ ಇಂಡಿ ಮುಟ್ಟಿತು. ಸಿದ್ದಲಿಂಗ ಎಲ್ಲವನ್ನೂ ಪಂಚರಿನ ತಲೆಗೆ ಕಟ್ಟಿದ.

ನಿವೃತ್ತನಾದ ತಿಂಗಳಲ್ಲೇ ಅವನು ಅಂಥದೇ ಕಾರು ತನಗೂ ಬೇಕೆಂದು ಅಮಿತನಿಗೆ ಫೋನು ಹಚ್ಚಿದ. ಹಳೆಯ ಕಾರನ್ನು ಇಡಿಯಾಗಿ ತರಿಸಲು ನಮ್ಮ ದೇಶದ ಕಾಯ್ದೆ ಬಿಡುವುದಿಲ್ಲ ಎಂದು ಅಮಿತ ತಿಳಿಸಿದ. ಆದರೆ ನಡುವೆ ಕೊಯ್ದು ಬಿಡಿಭಾಗವೆಂದು ತರಿಸಬಹುದು. ಅದೇ ಕಂಪನಿಯ ಹಳೆಯ ಕಾರೊಂದನ್ನು ಇಲ್ಲೇ ಕೊಂಡು, ಜಪಾನಿನ ಎಂಜಿನ್ನನ್ನು ಅದರೊಳಗೆ ಕೂಡಿಸಿದರಾಯಿತು. ಮುದ್ದೇಬಿಹಾಳದ ಡಾಕ್ಟರೊಬ್ಬರ ಹಿತ್ತಲಲ್ಲಿ ಅಂಥ ಕಾರೊಂದು ಇತ್ತು. ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ತತ್ತಿಯಿಡುತ್ತಿದ್ದವು. ಡಾಕ್ಟರು ಸಂತೋಷದಿಂದ ಕೊಟ್ಟರು. ಕೋಳಿಗಳೇ ಬಿಟ್ಟುಕೊಡಲು ತಕರಾರು ಮಾಡಿದವು.

ಜಪಾನಿನ ಅರ್ಧ ಮುಂಬಯಿಗೆ ಬಂದು, ಅಲ್ಲಿಂದ ಇಂಡಿಯ ಲಿಂಬೆಹಣ್ಣು ಇಳಿಸಿ ಖಾಲಿ ಮರಳುತ್ತಿದ್ದ ಲಾರಿಯಲ್ಲಿ ಬಂತು. ಎರಡು ದೀಪ, ಎರಡು ಗಾಲಿ, ಸ್ಟೇರಿಂಗು. ಅದರ ಹಿಂದೆ ಬರೀ ಗಾಳಿ. ಓಣಿಯೆಲ್ಲ ಕೂಡಿತು. ಬಾಜೂ ಮನೆಯ ಸಾವಂತ್ರವ್ವ ಒಂದು ಸುತ್ತು ಹಾಕಿ ಬಂದು ಕೇಳಿದಳು:

“ಸಿದ್ದಲಿಂಗಣ್ಣ, ಹಿಂದಿನರ್ಧ ಯಾರ ಪಾಲಿಗೆ ಹೋತು? ಜಪಾನದಾಗೂ ಅಣ್ಣತಮ್ಮರು ಪಾಲ ಹಂಚ್ಕೊಂತಾರೇನು?”

ಸಿದ್ದಲಿಂಗ ಕಾಯ್ದೆಯನ್ನು ಬಿಡಿಸಿ ಹೇಳಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಸ್ತೂರೆವ್ವ ಪೂರ್ತಿ ಕೇಳಿಸಿಕೊಂಡಳು.

“ಇಡೀದು ತರಬಾರದು, ಕಡದ ತರಬೌದು. ಕುರಿ ಅಂಗಡಿ ಕಾಯ್ದೆ ಆತಲ್ರೀ ಇದು,” ಎಂದಳು. “ಒಂದ್ ಮಾತ್ ಹೇಳ್ತೇನಿ. ಈ ಕುದುರಿಗೆ ಮೇವು ನಾ ಹಾಕಂಗಿಲ್ಲ.”

ಇಂಡಿಯಲ್ಲಿ ಟ್ರ್ಯಾಕ್ಟರು ರಿಪೇರಿ ಮಾಡುವ ಸರ್ಫರಾಜ ಜೋಡಿಸುವ ಕೆಲಸ ಹಿಡಿದ. ಅಮಿತ ಲ್ಯಾಪ್‌ಟಾಪು ಹೊತ್ತು ಎರಡು ಸಲ ಬಂದ. ಕೆಲಸ ಮುಗಿದರೂ, ಹೊಸ ಎಂಜಿನ್ನಿನ ನಂಬರು ಆರ್‌ಸಿಯಲ್ಲಿ ಏರುವ ತನಕ ಸಿದ್ದಲಿಂಗ ಕಾರನ್ನು ಅಂಗಳದಿಂದ ಆಚೆ ಹೊರಳಿಸಲಿಲ್ಲ. ಅಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ರಬ್ಬರಿನ ನಳಿಕೆಯೊಂದು ಒಡೆದು, ಅದೂ ಜಪಾನಿನಿಂದಲೇ ಬರಬೇಕಾಯಿತು. ಅದರ ಬೆಲೆಗೆ ಒಂದು ಒಳ್ಳೆಯ ಹೋತ ಬರುತ್ತಿತ್ತು. ಕಾರು ಕುಡಿಯುವ ಮೇಲ್ದರ್ಜೆಯ ಪೆಟ್ರೋಲು ಇಂಡಿಯಲ್ಲಿ ಸಿಗುವುದಿಲ್ಲ; ರಸ್ತೆಗಿಳಿದ ಮೇಲೆ ಟಾಕಿ ತುಂಬಿಸಲು ಸೊಲ್ಲಾಪುರದ ದಾರಿಯನ್ನೇ ಹಿಡಿಯಬೇಕು. ಹೋಗಿ ಬರುವಷ್ಟರಲ್ಲಿ ಕಾಲುಭಾಗ ಖಾಲಿ.

ಕೊನೆಗೆ ಕಾರು ರಸ್ತೆಗಿಳಿದ ದಿನ ಸರ್ಫರಾಜ ಪಕ್ಕದಲ್ಲಿ ಬೆಲ್ಟು ಬಿಗಿದುಕೊಂಡು ಕೂತ. ಊರು ದಾಟಿತು, ರಸ್ತೆ ನೆಟ್ಟಗಾಯಿತು. ವೇಗದ ಮುಳ್ಳು ನಲವತ್ತಕ್ಕೆ ಬಂದು ಮನೆ ಮಾಡಿತು.

“ಕಾಕಾ, ಒತ್ರಿ. ಆಕ್ಸಿಲೇಟರ್ ಐತದು, ತತ್ತಿ ಅಲ್ಲ.”

“ಒತ್ತಾಕತ್ತೇನಲೋ.”

“ಎಲ್ಲಿ ಒತ್ತಾಕತ್ತೀರಿ? ಕಬ್ಬಿನ ಟ್ರ್ಯಾಕ್ಟರ್ ಮುಂದ ಹೋತು ನೋಡ್ರಿ!”

ಸಿದ್ದಲಿಂಗನ ಮನಸ್ಸು ಒತ್ತುತ್ತಿತ್ತು. ಮೂವತ್ತೊಂದು ವರ್ಷ ಪಳಗಿದ ಕಾಲು ಒಪ್ಪುತ್ತಿರಲಿಲ್ಲ. ಎಂಜಿನ್ನಿಗೆ ಗಾಳಿ ಊದುವ ಟರ್ಬೊ ಎಂಬ ತಿದಿಯೊಂದು ಕಾರಿನಲ್ಲಿತ್ತು; ಆ ಸೀಟಿ ಹೊಡೆಯುವುದೇ ಅದು. ನಲವತ್ತರಲ್ಲಿ ಅದಕ್ಕೆ ಎಚ್ಚರವೇ ಆಗುವುದಿಲ್ಲ. ಎರಡು ತಿಂಗಳು ಹೀಗೇ ನಡೆದು, ಒಂದು ಬೆಳಿಗ್ಗೆ ಕಾರು ಕೆಮ್ಮತೊಡಗಿತು. ಪ್ಲಗ್ಗು ಬಿಚ್ಚಿದರೆ ಒಲೆಯ ಮೇಲಿನ ಗಡಿಗೆಯ ತಳದಂತೆ ಕಪ್ಪು. ಅಮಿತ ಫೋನಿನಲ್ಲಿ ಹೇಳಿದ:

“ಕಾಕಾ, ಗಾಡಿಗೆ ದಮ್ಮು ಹತ್ತೇತಿ. ವಾರಕ್ಕೊಮ್ಮೆ ಜೋರಾಗಿ ಓಡಸ್ರಿ. ಇಲ್ಲಾಂದ್ರ ಎಂಜಿನ್ ಕೈಯಾಗ ಬರ್ತೈತಿ.”

“ಜೋರ್ ಅಂದ್ರ? ಐವತ್ತು?”

ಅಮಿತ ಆ ಫೋನು ಇಟ್ಟು ಸರ್ಫರಾಜನಿಗೆ ಹಚ್ಚಿದ.

ಹಾಗಾಗಿ ಭಾನುವಾರ ಸರ್ಫರಾಜ ಓಡಿಸುವುದೆಂದು ನಿಶ್ಚಯವಾಯಿತು. ಹೆದ್ದಾರಿಯ ಮಿತಿ ಮೀರುವುದಿಲ್ಲವೆಂದು ಸಿದ್ದಲಿಂಗ ಅವನಿಂದ ಆಣೆ ತೆಗೆದುಕೊಂಡ. ಆದರೂ ಪಕ್ಕದಲ್ಲಿ ಕೂತವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಸೋತುಹೋಯಿತು. ಹೊರ್ತಿ ಬರುವುದರೊಳಗೆ ಕಣ್ಣು ಮುಚ್ಚಿದ್ದ. ಇಳಿದು, “ನೀ ಒಬ್ಬವ್ನ ಹೋಗಿ ತಿರುಗಿ ಬಾ. ನಾ ಇಲ್ಲೇ ನಿಂದರ್ತೇನಿ,” ಎಂದ.

ಬೇವಿನ ಗಿಡದ ಕೆಳಗೆ ನಿಂತ. ದೂರದಿಂದ ಕಾರು ಬಂತು. ಆ ಉಸಿರು, ಆ ಸೀಟಿ, ಆ ಸಿಡಿತ. ತೋಳಿನ ಕೂದಲು ಎದ್ದು ನಿಂತವು. ಗಾಳಿಗೆ ಟೊಪ್ಪಿಗೆ ಹಾರಿ ಹೊಲಕ್ಕೆ ಬಿತ್ತು. ಎತ್ತಿಕೊಳ್ಳುವ ನೆನಪೂ ಅವನಿಗಾಗಲಿಲ್ಲ. ತನಗೆ ಬೇಕಾಗಿದ್ದದ್ದು ಆ ಕಾರಿನೊಳಗೆ ಕೂಡುವುದಲ್ಲ, ಅದು ತನ್ನ ಪಕ್ಕದಿಂದ ಹಾದುಹೋಗುವುದು ಎಂದು ಅವನಿಗೆ ಆಗ ಹೊಳೆಯಿತು. ಹಾದುಹೋಗುವುದಕ್ಕೆ ಕಾರು ಕೊಳ್ಳಬೇಕಿರಲಿಲ್ಲ ಎಂಬ ಮಾತೂ ಹೊಳೆಯಿತು; ಅದನ್ನು ಕಸ್ತೂರೆವ್ವನಿಗೆ ಹೇಳಲಿಲ್ಲ.

ಸಿದ್ದಲಿಂಗನ ಕಾರಿನ ಸುದ್ದಿ ಅಮಿತನ ಗೆಳೆಯರಿಗೆ ಮುಟ್ಟಿತು. ಪುಣೆ, ಕೊಲ್ಹಾಪುರ, ಹುಬ್ಬಳ್ಳಿಯಿಂದ ಭಾನುವಾರ ಭಾನುವಾರ ಅದನ್ನು ನೋಡಲು ಬಣ್ಣಬಣ್ಣದ ಕಾರುಗಳು ಬಂದು ಓಣಿಯಲ್ಲಿ ನಿಲ್ಲತೊಡಗಿದವು. ಬಂದವರು ಊಟದ ಹೊತ್ತಿಗೆ ಏಳುವವರಲ್ಲ. ಮನೆಗೆ ಬಂದವರನ್ನು ಹಸಿದು ಕಳಿಸುವ ಪದ್ಧತಿ ಕಸ್ತೂರೆವ್ವನಿಗಿರಲಿಲ್ಲ; ಗೊಣಗುತ್ತ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿದಳು. ಅಮಿತ ಹೋಗುವಾಗ ಎರಡು ಕಟ್ಟು ರೊಟ್ಟಿ ಕೇಳಿದ, ರೊಕ್ಕ ಕೊಟ್ಟ. ಮುಂದಿನ ವಾರ ಗೆಳೆಯರು ಹತ್ತು ಕಟ್ಟು ಕೇಳಿದರು. ವರ್ಷ ತುಂಬುವುದರಲ್ಲಿ ಅಂಗಳದಲ್ಲಿ ಮೂರು ಒಲೆ, ಸಾವಂತ್ರವ್ವನೂ ಸೇರಿ ನಾಲ್ವರು ಹೆಂಗಸರು. ಪುಣೆಯಲ್ಲಿ ಅದಕ್ಕೆ ‘ಟರ್ಬೊ ರೊಟ್ಟಿ’ ಎನ್ನುತ್ತಾರಂತೆ. ಕುದುರೆಯ ಮೇವು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಗಂಡಹೆಂಡಿರಿಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಬಸವನ ಬಾಗೇವಾಡಿಯ ಖಾನಾವಳಿಯೊಂದರಿಂದ ಬಸುರಿಯ ಕುಬಸದ ಊಟಕ್ಕೆಂದು ದೊಡ್ಡ ಆರ್ಡರು ಬಂತು. ಒಯ್ಯಬೇಕಾದ ಟೆಂಪೋ ಕೈಕೊಟ್ಟಿತು. ಸಿದ್ದಲಿಂಗ ಎದೆಯುಬ್ಬಿಸಿ ಮುಂದೆ ಬಂದ. ಇಷ್ಟು ದಿನದ ಮೇಲೆ ಕಾರು ಮನೆಯ ಋಣ ತೀರಿಸಲಿದೆ. ರೊಟ್ಟಿಯ ಕಟ್ಟುಗಳನ್ನು ಸೀಟಿನ ಮೇಲೆ ಕೂಸಿನಂತೆ ಮಲಗಿಸಿ, ಮೂವತ್ತರಲ್ಲೇ ಹೋದ. ಆದರೆ ಜೋಡಿಸುವಾಗ ಅಮಿತ ಆ ಕಾರನ್ನು ನೆಲಕ್ಕೆ ತಗ್ಗಿಸಿ, ಸ್ಪ್ರಿಂಗುಗಳನ್ನು ಕಲ್ಲಿನಂತೆ ಬಿಗಿಗೊಳಿಸಿದ್ದ. ಜಪಾನಿನ ನುಣ್ಣನೆಯ ರಸ್ತೆಗೆ ಅದು ಸರಿ. ಬಾಗೇವಾಡಿಯಲ್ಲಿ ಕಟ್ಟು ಬಿಚ್ಚಿದಾಗ ಒಂದು ರೊಟ್ಟಿಯೂ ದುಂಡಗಿರಲಿಲ್ಲ. ಖಾನಾವಳಿಯವನು ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು, “ಇದನ್ನ ಚಮಚದಾಗ ತಿನ್ನಬೇಕ್ರೇನು?” ಎಂದ.

ಕಸ್ತೂರೆವ್ವ ಬೈಯಲಿಲ್ಲ. ಮರುವಾರ ಸಿಂದಗಿಗೆ ಹೋಗಿ ಮೂರು ಗಾಲಿಯ ಸಾಮಾನಿನ ಆಟೋ ಕೊಂಡಳು. ಅದನ್ನು ಓಡಿಸಲು ಸಂಬಳವಿಲ್ಲದ, ಪದಕ ಬಂದ ಚಾಲಕ ಮನೆಯಲ್ಲೇ ಇದ್ದ. ಆಟೋ ನಲವತ್ತಕ್ಕಿಂತ ಜೋರು ಹೋಗುವುದೇ ಇಲ್ಲ. ಸಿದ್ದಲಿಂಗ ಅದರಲ್ಲಿ ಸಿಂದಗಿ, ಬಾಗೇವಾಡಿ ಎಂದು ರೊಟ್ಟಿ ಹೊತ್ತು ತಿರುಗುತ್ತಾನೆ. ಒಂದೂ ಮುರಿಯುವುದಿಲ್ಲ.

ಕಳೆದ ದೀಪಾವಳಿಗೆ ಕೊಲ್ಹಾಪುರದ ಸಾಹುಕಾರನೊಬ್ಬ ಮುದ್ದಾಂ ಬಂದು ಕಾರನ್ನು ತನಗೆ ಮಾರುವಿರಾ ಎಂದು ಕೇಳಿದ. ಸಿದ್ದಲಿಂಗ ಆ ವಾರವೆಲ್ಲ ಯೋಚಿಸಿದ್ದ. ಹೆಂಡತಿಯ ಬೆವರನ್ನು ಈ ಕಬ್ಬಿಣ ಎಷ್ಟು ದಿನ ಕುಡಿಯಬೇಕು? ಗಂಟಲು ಸರಿಪಡಿಸಿಕೊಂಡು ಹೂಂ ಎನ್ನುವುದರಲ್ಲಿದ್ದ. ಅಷ್ಟರಲ್ಲಿ ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಮಾರೂದಿಲ್ಲರೀ.”

ಸಿದ್ದಲಿಂಗನ ಕಣ್ಣು ತೇವವಾದವು. “ನಿನಗೂ ಅದರ ಮ್ಯಾಲ ಜೀವ ಬಂದೈತಿ ಅಂತ ನನಗ ಗೊತ್ತಿರಲಿಲ್ಲ ನೋಡು,” ಎಂದ.

“ಜೀವ ಎಲ್ಲೀದು? ಅದು ಹೋದ್ರ ಐತವಾರ ಈ ಮಂದಿ ಯಾರ್ನ ನೋಡಾಕ ಬರ್ತಾರ? ನಿಮ್ಮನ್ನ?”

ಅವನಿಗೆ ತುಸು ನೋವಾಯಿತು, ಬಹಳಷ್ಟು ನಿರಾಳವೂ ಆಯಿತು. ಸಾಹುಕಾರ ಉಂಡು, ನಾಲ್ಕು ಕಟ್ಟು ರೊಟ್ಟಿ ಕೊಂಡು ಹೋದ.

ಮೊನ್ನೆ ಕಾರಿನ ಕ್ಲಚ್ಚು ಹೋಯಿತು. ಜಪಾನಿನಿಂದಲೇ ಬರಬೇಕು ಎಂದು ಸಿದ್ದಲಿಂಗ ಅಂಜುತ್ತ ಅಂಜುತ್ತ ಒಲೆಯ ಹತ್ತಿರ ಹೋಗಿ ಹೇಳಿದ. ಕಸ್ತೂರೆವ್ವ ಬೆಲೆ ಕೇಳಲಿಲ್ಲ. ರೊಟ್ಟಿ ತಿರುವಿ ಹಾಕಿ, “ಲಗೂನ ತರಸ್ರಿ. ಮುಂದಿನ ಐತವಾರ ಹುಬ್ಬಳ್ಳಿ ಮಂದಿ ಬರಾವರದಾರ,” ಎಂದಳು.