ಮಡ್‌ಗಾರ್ಡ್ ಮೇಲಿನ ಕೂಸು

ಗಟ್ಟು ಎಂಬ ಊರಿನ ಕಡೆಯ ಎಂಕಮ್ಮ ಕುರಿ ಕಾಯುವ ಮನೆತನದವಳು. ಗಂಡ ಕಿಷ್ಟಪ್ಪ ಕುರಿ ಮಾರಿ, ಡ್ರೈವಿಂಗ್ ಕಲಿತು, ನರಸಿಂಹುಲು ಪಟೇಲರ ಟ್ರಾಕ್ಟರಿಗೆ ಸೇರಿದಾಗ ಅವಳಿಗೂ ಹಿಗ್ಗೇ ಆಗಿತ್ತು. ಇನ್ನು ಹಿಂಡಿನ ಹಿಂದೆ ಊರೂರು ಅಲೆಯುವುದು ತಪ್ಪಿತಲ್ಲ!

ಮಗಳು ಸ್ರವಂತಿಗೆ ಆರು ವರ್ಷ. ಓಣಿಯ ತುದಿಯಲ್ಲಿ ಅಪ್ಪನ ಟ್ರಾಕ್ಟರಿನ ಸದ್ದು ಕೇಳಿದರೆ ಸಾಕು, ಉಣ್ಣುವ ತಾಟು ಬಿಟ್ಟು ಓಡುತ್ತಿದ್ದಳು. ಕಿಷ್ಟಪ್ಪ ಅವಳನ್ನೆತ್ತಿ ದೊಡ್ಡ ಗಾಲಿಯ ಮಡ್‌ಗಾರ್ಡಿನ ಮೇಲೆ ಕೂರಿಸುತ್ತಿದ್ದ.

"ಕೂಸಿಗೆ ಹಿಡಕೊಳ್ಳಾಕ ಅಲ್ಲೇನೈತಿ? ಇಳಸ್ರಿ," ಅನ್ನುತ್ತಿದ್ದಳು ಎಂಕಮ್ಮ.

"ನಾ ಪಕ್ಕದಾಗ ಅದೀನಲ್ಲ," ಎಂದು ಅವನು ನಗುತ್ತಿದ್ದ.

ಹತ್ತಿ ಬಿತ್ತನೆಗೆ ಹೊಲ ಹದ ಮಾಡುವ ದಿನ, ಒಡ್ಡು ಹತ್ತುವಾಗ ಗಾಲಿ ಜಿಗಿಯಿತು. ಮಡ್‌ಗಾರ್ಡಿನ ಮೇಲಿದ್ದ ಸ್ರವಂತಿ ಹಿಂದಕ್ಕೆ ಜಾರಿದಳು. ಹಿಂದೆ ರೋಟಾವೇಟರ್ ಮಣ್ಣು ಪುಡಿ ಮಾಡುತ್ತ ತಿರುಗುತ್ತಿತ್ತು. ಎಂಕಮ್ಮ ಬುತ್ತಿ ಹೊತ್ತು ಬರುವಷ್ಟರಲ್ಲಿ ಕೂಸಿನ ಮೇಲೆ ಯಾರದೋ ಟವೆಲ್ ಹೊದಿಸಿದ್ದರು. ಅದನ್ನು ಸರಿಸಿ ನೋಡಲು ಅವಳನ್ನು ಬಿಡಲಿಲ್ಲ.

"ಬೀರಪ್ಪ ಕರಕೊಂಡ," ಎಂದು ಊರವರು ಕುಲದೇವರ ಮೇಲೆ ಹಾಕಿದರು. ಕಿಷ್ಟಪ್ಪನೂ ಅದನ್ನೇ ಅಂದ. 'ನನ್ನ ಕೈಯಾರೆ ಹೋತು' ಎಂದು ಅವನು ಅತ್ತಿದ್ದರೆ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಂಕಮ್ಮ ತಾನೂ ಅಳುತ್ತಿದ್ದಳು. ಅವನು ಅಳಲಿಲ್ಲ.

"ಟ್ರಾಕ್ಟರ್ ಬೀರಪ್ಪ ನಡಸ್ತಿದ್ನೇನ್ರಿ?" ಎಂದು ಒಮ್ಮೆ ಕೇಳಿಬಿಟ್ಟಳು. ಅವನು ಉಣ್ಣುವುದು ಬಿಟ್ಟು ಎದ್ದುಹೋದ. ತಿಂಗಳು ತುಂಬುವುದರೊಳಗೆ ಮತ್ತೆ ಅದೇ ಸೀಟಿನ ಮೇಲಿದ್ದ.

ಮರುವರ್ಷದ ಮುಂಗಾರಿನಲ್ಲಿ ಒಂದು ಮುಂಜಾನೆ ಎಂಕಮ್ಮ ಕೂಲಿಗೆ ಹೊರಟಿದ್ದಳು. ಎದುರಿಗೆ ಗಂಡನ ಟ್ರಾಕ್ಟರ್ ಬಂತು. ಅದೇ ಮಡ್‌ಗಾರ್ಡಿನ ಮೇಲೆ ಪಟೇಲರ ಮೊಮ್ಮಗಳು ಅಖಿಲಾ ಕಾಲು ಅಲ್ಲಾಡಿಸುತ್ತ ಕೂತಿದ್ದಳು. ಎಂಕಮ್ಮ ನಡುದಾರಿಗೆ ಬಂದು ನಿಂತಳು.

"ಆ ಕೂಸನ್ನ ಇಳಸ್ರಿ."

"ಅತ್ತಾಗ ಸರದು ನಿಲ್ಲು. ಕೆಲಸಕ್ಕ ಹೊತ್ತಾತು," ಅಂದ ಕಿಷ್ಟಪ್ಪ.

ಅವಳು ದಾರಿ ಬಿಡಲಿಲ್ಲ. ತಾನೇ ಹತ್ತಿರ ಹೋಗಿ ಹುಡುಗಿಯನ್ನು ಕೆಳಗಿಳಿಸಿಕೊಂಡಳು. ಹುಡುಗಿ ಹೆದರಿ ಚೀರಿದಳು. ಅಲ್ಲೇ ಇದ್ದ ಮನೆಯಿಂದ ಪಟೇಲರು ಓಡಿಬಂದರು.

"ನಿನ್ನ ಮಗಳು ಹೋದಳಂತ ನಮ್ಮ ಮಕ್ಕಳಿಗೆ ಶಾಪ ಹಾಕಾಕ ಬಂದೀಯೇನು?"

ಎಂಕಮ್ಮ ಗಂಡನ ಮುಖ ನೋಡಿದಳು. ಒಂದು ಮಾತು, ಒಂದೇ ಒಂದು ಮಾತು ಅವನು ಆಡಲಿ ಎಂದು ಕಾದಳು. ಸ್ಟೇರಿಂಗ್ ಮೇಲೆ ಕಣ್ಣಿಟ್ಟು ಅವನೆಂದ: "ಆಕಿ ತಲಿ ಸರಿ ಇಲ್ರಿ ಪಟೇಲ್ರ. ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಅಂದಿನಿಂದ ಪಟೇಲರ ಹೊಲಕ್ಕೆ ಅವಳನ್ನು ಯಾರೂ ಕರೆಯಲಿಲ್ಲ. ಗಂಡನಿಗೆ ರೊಟ್ಟಿ ಬಡಿದಿಡುತ್ತಾಳೆ. ಮಾತು ಮಾತ್ರ ಮುಗಿದುಹೋಗಿದೆ. ಬಿತ್ತನೆ ಬಂದರೆ ಊರ ಬಾಗಿಲಲ್ಲಿ ನಿಲ್ಲುತ್ತಾಳೆ. ಅವಳನ್ನು ಕಂಡ ಕೂಡಲೇ ಡ್ರೈವರುಗಳು ಮಕ್ಕಳನ್ನು ಇಳಿಸುತ್ತಾರೆ. ಅದು ಹೆದರಿಕೆಯೂ ಅಲ್ಲ, ಮರ್ಯಾದೆಯೂ ಅಲ್ಲ. ಮುಂಜಾನೆ ಹುಚ್ಚಿಯ ಬಾಯಿಗೆ ಬೀಳುವುದು ಬೇಡ ಎಂದು, ಅಷ್ಟೇ. ಮಕ್ಕಳು ನಗುತ್ತ ಟ್ರಾಕ್ಟರಿನ ಹಿಂದೆ ಓಡುತ್ತವೆ. ತಿರುವಿನ ಆಚೆ ಇಂಜಿನ್ನಿನ ಸದ್ದು ಸಣ್ಣಗಾಗುವುದು, ಮಕ್ಕಳು ಮತ್ತೆ ಹತ್ತುವ ಕೇಕೆ, ಆಮೇಲೆ ಸದ್ದು ಜೋರಾಗುವುದು ಅವಳಿಗೆ ಕೇಳಿಸುತ್ತದೆ.